ಜಾನ್ ಲೂಯಿಸ್: ವರ್ಣಭೇದದ ನಡುವೆ ಬೆಳೆದ ಅಹಿಂಸಾವಾದಿ

ಜಾನ್ ಲೂಯಿಸ್ 1940ರ ಫೆಬ್ರವರಿ 21ರಂದು ಅಮೆರಿಕದ ಅಲಬಾಮ ರಾಜ್ಯದ ಟ್ರಾಯ್ ಪಟ್ಟಣದ ಬಳಿ ಜನಿಸಿದರು. ಹೆತ್ತವರು ಪರರ ಹೊಲದಲ್ಲಿ ಗೇಣಿಗೆ ದುಡಿಯುತ್ತಿದ್ದ ಬಡ ಕೃಷಿಕರು. ಹತ್ತು ಮಕ್ಕಳಲ್ಲಿ ಇವರು ಮೂರನೆಯವರು. ಮನೆಯ ಕೋಳಿಗಳನ್ನು ಸಾಕುವ ಹೊಣೆ ಇವರದಾಗಿತ್ತು. ಬೋಧಕನಾಗುವ ಆಸೆಯಿಂದ ಬಾಲಕ ಲೂಯಿಸ್ ಆ ಕೋಳಿಗಳಿಗೇ ಪ್ರಬೋಧನೆ ನೀಡುತ್ತಿದ್ದರು!

ಆಗ ಅಲ್ಲಿ ವರ್ಣಭೇದ ಕಾನೂನಾಗಿಯೇ ಜಾರಿಯಲ್ಲಿತ್ತು. ಶಾಲೆ, ಬಸ್ಸಿನ ಆಸನ, ಕುಡಿಯುವ ನೀರಿನ ನಲ್ಲಿ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. 1956ರಲ್ಲಿ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಕೇಳಿದ ಲೂಯಿಸರಿಗೆ, ಇದು ಬಿಳಿಯರಿಗೆ ಮಾತ್ರ ಎಂಬ ಉತ್ತರ ದೊರೆಯಿತು. ಅದೇ ಗ್ರಂಥಾಲಯ 1998ರಲ್ಲಿ ಅವರನ್ನು ಕರೆದು ಸದಸ್ಯತ್ವದ ಕಾರ್ಡು ನೀಡಿತು.

ರೇಡಿಯೋದಲ್ಲಿ ಕೇಳಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತು ಲೂಯಿಸರ ಮನಸ್ಸನ್ನು ಬಡಿದೆಬ್ಬಿಸಿತು. 1957ರಲ್ಲಿ ಅವರು ನ್ಯಾಶ್‌ವಿಲ್ ನಗರದ ಬ್ಯಾಪ್ಟಿಸ್ಟ್ ಸೆಮಿನರಿ ಸೇರಿದರು. ಅಲ್ಲಿ ಅಹಿಂಸೆಯ ತರಬೇತಿ ನೀಡಿದವರು ಜೇಮ್ಸ್ ಲಾಸನ್. ಇವರು ನಮ್ಮ ನಾಗಪುರದಲ್ಲಿದ್ದು ಗಾಂಧೀಜಿಯವರ ಸತ್ಯಾಗ್ರಹವನ್ನು ಅಧ್ಯಯನ ಮಾಡಿದ್ದವರು. 1960ರಲ್ಲಿ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಉಪಾಹಾರ ಕೇಂದ್ರಗಳಲ್ಲಿ ಮೌನವಾಗಿ ಕುಳಿತರು. ಫೆಬ್ರವರಿ 27ರಂದು ಲೂಯಿಸ್ ಮೊದಲ ಬಾರಿ ಬಂಧನಕ್ಕೊಳಗಾದರು. ಅದೇ ವರ್ಷದ ಮೇ ತಿಂಗಳಲ್ಲಿ ಆ ನಗರದ ಉಪಾಹಾರ ಕೇಂದ್ರಗಳ ಬಾಗಿಲು ಎಲ್ಲರಿಗೂ ತೆರೆಯತೊಡಗಿತು.

1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ಸುಮಾರು 600 ಮಂದಿ ಸೆಲ್ಮಾ ಪಟ್ಟಣದ ಸೇತುವೆ ದಾಟಿದಾಗ ಪೊಲೀಸರು ಲಾಠಿ ಬೀಸಿದರು. ಮುಂಚೂಣಿಯಲ್ಲಿದ್ದ ಲೂಯಿಸರ ತಲೆಬುರುಡೆ ಬಿರುಕುಬಿಟ್ಟಿತು. ಅವರನ್ನು ಸೇರಿಸಿದ್ದು ಕಥೋಲಿಕರ 'ಗುಡ್ ಸಮಾರಿಟನ್' ಆಸ್ಪತ್ರೆಗೆ. ಸ್ಥಳೀಯ ಮಹಾಧರ್ಮಾಧ್ಯಕ್ಷರು ತಮ್ಮ ಗುರುಗಳು ಮತ್ತು ಧರ್ಮಭಗಿನಿಯರು ಮೆರವಣಿಗೆಗೆ ಇಳಿಯುವುದನ್ನು ಒಪ್ಪಿರಲಿಲ್ಲ. ಆದರೂ ಆಸ್ಪತ್ರೆಯ ಭಗಿನಿಯರು ಗಾಯಾಳುಗಳ ಆರೈಕೆ ಮಾಡಿದರು; ಕೆಲವೇ ದಿನಗಳಲ್ಲಿ ಬೇರೆ ರಾಜ್ಯಗಳ ಭಗಿನಿಯರು ಬಂದು ಸೆಲ್ಮಾದ ಬೀದಿಯಲ್ಲಿ ನಡೆದರು. ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು.

1987ರಿಂದ ಸಂಸದರಾಗಿದ್ದ ಲೂಯಿಸ್ 2020ರ ಜುಲೈ 17ರಂದು ನಿಧನರಾದರು. 1961ರಲ್ಲಿ ತಮ್ಮನ್ನು ಥಳಿಸಿದ್ದ ಒಬ್ಬ ವ್ಯಕ್ತಿ 2009ರಲ್ಲಿ ಬಂದು ಕ್ಷಮೆ ಕೇಳಿದಾಗ ಅವರು ಮನಸಾರೆ ಕ್ಷಮಿಸಿದರು.

ದಯಾಳು ಸಮಾರಿಯನ ಸಾಮತಿಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಗಾಯಕ್ಕೆ ಎಣ್ಣೆ ಹಚ್ಚುವುದು ಪುಣ್ಯಕಾರ್ಯವೇ. ಆದರೆ ಗಾಯವಾಗದಂತೆ ಆ ದಾರಿಯಲ್ಲಿ ಜೊತೆಗೂಡಿ ನಡೆಯುವುದೂ ನಮ್ಮ ಕರ್ತವ್ಯವಲ್ಲವೇ?