ಅಂಚೆಯಲ್ಲಿ ಬಂದ ಅಂಗಡಿ

ಅಮೆರಿಕದ ಹಿರಿಯರು ಬರೆದಿಟ್ಟ ಬಾಲ್ಯದ ನೆನಪುಗಳನ್ನು ತಿರುವಿ ನೋಡಿದರೆ ಅಲ್ಲಿ ರಾಷ್ಟ್ರಾಧ್ಯಕ್ಷರ ಹೆಸರಾಗಲಿ ಯುದ್ಧಗಳ ತಾರೀಖಾಗಲಿ ಮೊದಲು ಕಾಣುವುದಿಲ್ಲ. ಕಾಣುವುದು ಮನೆಯ ಕಿಟಕಿಯಲ್ಲಿ ಇಡುತ್ತಿದ್ದ ಒಂದು ರಟ್ಟಿನ ಚೀಟಿ. ಅದರ ಮೇಲಿನ ಅಂಕಿಯನ್ನು ಬೀದಿಯಿಂದಲೇ ನೋಡಿ, ಮಂಜುಗಡ್ಡೆ ಮಾರುವವನು 25 ಪೌಂಡಿನದೋ 50 ಪೌಂಡಿನದೋ ಗಡ್ಡೆಯನ್ನು ಹೆಗಲ ಮೇಲೆ ಹೊತ್ತು ತಂದು ಅಡಿಗೆಮನೆಯ ಪೆಟ್ಟಿಗೆಯಲ್ಲಿ ಇಟ್ಟು ಹೋಗುತ್ತಿದ್ದನು. ಅನಂತರ ಬರುವುದು ಹಲವು ಮನೆಗಳಿಗೆ ಒಂದೇ ತಂತಿಯಿದ್ದ ಟೆಲಿಫೋನು. ಗಂಟೆ ಉದ್ದವಾಗಿ ಎಷ್ಟು ಸಲ, ಗಿಡ್ಡವಾಗಿ ಎಷ್ಟು ಸಲ ಬಾರಿಸಿತೆಂಬುದನ್ನು ಎಣಿಸಿ ಕರೆ ಯಾರ ಮನೆಗೆಂದು ತಿಳಿಯಬೇಕು. ಕರೆ ಒಬ್ಬರಿಗಾದರೂ ಕೇಳುವ ಕಿವಿಗಳು ಮಾತ್ರ ನೆರೆಹೊರೆಯವರೆಲ್ಲರವು! ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ, ಹಳ್ಳಿಯಲ್ಲಿ ಬೆಳೆದವರಾದರೆ, ಅವರು ತಪ್ಪದೆ ಬಂದು ನಿಲ್ಲುವುದು ಒಂದು ಪುಸ್ತಕದ ಬಳಿಗೆ. ಅದು ಕಾವ್ಯವಲ್ಲ, ಕಥೆಯಲ್ಲ, ಧರ್ಮಗ್ರಂಥವೂ ಅಲ್ಲ. ಅದೊಂದು ಅಂಗಡಿಯ ಬೆಲೆಪಟ್ಟಿ.

ಬೆಲೆಪಟ್ಟಿಯೊಂದು ಜನರ ಮನಸ್ಸಿನಲ್ಲಿ ಹೀಗೆ ನೆಲೆಗೊಂಡದ್ದು ಹೇಗೆ? ಇದನ್ನು ತಿಳಿಯಬೇಕಾದರೆ ಆ ಕಾಲದ ಅಲ್ಲಿಯ ಗ್ರಾಮಜೀವನವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. 1900ರ ಜನಗಣತಿಯಂತೆ ಸಂಯುಕ್ತ ಸಂಸ್ಥಾನಗಳಲ್ಲಿದ್ದವರು ಸುಮಾರು 7 ಕೋಟಿ 60 ಲಕ್ಷ ಮಂದಿ. ಅವರಲ್ಲಿ ನೂರಕ್ಕೆ 60 ಮಂದಿ ಗ್ರಾಮವಾಸಿಗಳು. ಗ್ರಾಮವೆಂದೊಡನೆ ನಮಗೆ ನೆನಪಾಗುವುದು ಗೋಡೆಗೆ ಗೋಡೆ ತಾಗಿದ ಮನೆಗಳು, ಊರ ಮುಂದಣ ಅರಳಿಕಟ್ಟೆ. ಅಲ್ಲಿಯ ರೀತಿ ಹಾಗಲ್ಲ. ರೈತನ ಮನೆ ಬಹುಮಟ್ಟಿಗೆ ಅವನ ಹೊಲದ ನಡುವೆಯೇ ಒಂಟಿಯಾಗಿ ನಿಂತಿರುತ್ತಿದ್ದಿತು. ನೆರೆಮನೆಯ ದೀಪ ಕಂಡರೆ ಅದೇ ಭಾಗ್ಯ. ಉಪ್ಪು, ಬಟ್ಟೆ, ಮೊಳೆ, ಸೀಮೆಯೆಣ್ಣೆ ಏನು ಬೇಕಾದರೂ ಗಾಡಿ ಕಟ್ಟಿಕೊಂಡು ಹತ್ತಿರದ ಪೇಟೆಗೆ ಹೋಗಬೇಕು. ಪೇಟೆಯಲ್ಲಿ ಇರುತ್ತಿದ್ದುದು ಹೆಚ್ಚೆಂದರೆ ಒಂದೆರಡು ಅಂಗಡಿ. ಅಂಗಡಿಯವನು ಇಟ್ಟದ್ದೇ ಸರಕು, ಹೇಳಿದ್ದೇ ಬೆಲೆ. ಹಲವೆಡೆ ಸಾಮಾನಿಗೆ ಬೆಲೆಯ ಚೀಟಿಯೇ ಇಲ್ಲ. ಗಿರಾಕಿಯ ಮುಖ ನೋಡಿ ಬೆಲೆ ಹುಟ್ಟುತ್ತಿದ್ದಿತು. ಕಾಗದ ಬಂದಿದೆಯೇ ಎಂದು ನೋಡಲು ಸಹ ರೈತನೇ ಅಂಚೆಮನೆಗೆ ಹೋಗಬೇಕಾಗಿದ್ದಿತು. ನಗರದವರಿಗೆ ಅಂಚೆ ಬಾಗಿಲಿಗೆ ಬರುತ್ತಿದ್ದ ಕಾಲದಲ್ಲಿಯೂ ಹಳ್ಳಿಯವನಿಗೆ ಆ ಸೌಕರ್ಯವಿರಲಿಲ್ಲ.

ಈ ಸ್ಥಿತಿ ಬದಲಾಗಲು ತೊಡಗಿದುದು 1896ರ ಅಕ್ಟೋಬರ್ 1ರಂದು. ಆ ದಿನ ಪಶ್ಚಿಮ ವರ್ಜೀನಿಯದ ಮೂರು ಊರುಗಳಿಂದ ಅಂಚೆಯವರು ಹೊರಟು ಹಳ್ಳಿಯ ಮನೆಗಳಿಗೆ ಕಾಗದಗಳನ್ನು ಮುಟ್ಟಿಸಿದರು. ಪ್ರಯೋಗವೆಂದು ಆರಂಭವಾದ ಈ ಉಚಿತ ಗ್ರಾಮಾಂತರ ಬಟವಾಡೆ 1902ರಲ್ಲಿ ಶಾಶ್ವತ ಏರ್ಪಾಡಾಯಿತು. ಮೊದಮೊದಲು ರೈತರು ಕೊಬ್ಬಿನ ಡಬ್ಬಿ, ಸಾಬೂನಿನ ಪೆಟ್ಟಿಗೆ, ಕೈಗೆ ಸಿಕ್ಕಿದುದನ್ನೇ ಕಂಬಕ್ಕೆ ಬಡಿದು ಅಂಚೆಪೆಟ್ಟಿಗೆ ಮಾಡಿಕೊಂಡರು. ಕಮಾನಿನ ಬೆನ್ನು, ಪಕ್ಕದಲ್ಲೊಂದು ಪುಟ್ಟ ಕೆಂಪು ಬಾವುಟ ಇರುವ ಇಂದಿನ ಪೆಟ್ಟಿಗೆಗೆ ಸರಕಾರದ ಒಪ್ಪಿಗೆ ದೊರೆತದ್ದು 1915ರಲ್ಲಿ. ಅಂಚೆಯವನು ಕಾಗದ ಹಂಚುವುದಲ್ಲದೆ ಸ್ಟ್ಯಾಂಪು ಮಾರುತ್ತಿದ್ದನು, ಮನಿಯಾರ್ಡರಿಗೆ ಹಣ ಪಡೆಯುತ್ತಿದ್ದನು. ಅವನ ಗಾಡಿಯೇ ಚಲಿಸುವ ಅಂಚೆಮನೆ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲವರ ಬಾಳಿಗೆ ಆದ ಉಪಕಾರ ದೊಡ್ಡದು.

ಆ ಗಾಡಿಯಲ್ಲಿ ಬಂದದ್ದೇ ನಮ್ಮ ಬೆಲೆಪಟ್ಟಿ. ಅಂಚೆಯ ಮೂಲಕ ಸಾಮಾನು ಮಾರುವ ಹಾದಿಯನ್ನು ಹಾಕಿಕೊಟ್ಟವನು ಷಿಕಾಗೋ ನಗರದ ಆರನ್ ಮಾಂಟ್ಗೊಮರಿ ವಾರ್ಡ್. 1872ರಲ್ಲಿ ಅವನು ಹೊರಡಿಸಿದ ಪಟ್ಟಿ ಒಂದೇ ಹಾಳೆಯದು. ಅವನಿಗೆ ಪ್ರತಿಸ್ಪರ್ಧಿಯಾಗಿ ಬಂದವನು ರಿಚರ್ಡ್ ಸಿಯರ್ಸ್. ಈತ ಮಿನ್ನಿಸೋಟದ ಒಂದು ಸಣ್ಣ ರೈಲುನಿಲ್ದಾಣದ ಏಜೆಂಟು. 1886ರಲ್ಲಿ ಆ ಊರಿನ ಆಭರಣದ ವ್ಯಾಪಾರಿಯೊಬ್ಬ ತನ್ನ ಹೆಸರಿಗೆ ಬಂದ ಕೈಗಡಿಯಾರಗಳ ಪೆಟ್ಟಿಗೆಯನ್ನು ಬೇಡವೆಂದನಂತೆ. ಸಿಯರ್ಸ್ ಅದನ್ನು ತಾನೇ ತೆಗೆದುಕೊಂಡು, ಹಳಿಯುದ್ದಕ್ಕೂ ಇದ್ದ ಇತರ ಏಜೆಂಟರಿಗೆ ಮಾರಿ ಲಾಭ ಕಂಡನು. ಗಡಿಯಾರ ರಿಪೇರಿ ಬಲ್ಲ ಆಲ್ವಾ ರೋಬಕ್ ಜೊತೆಗೂಡಿದನು. 1893ರಲ್ಲಿ ಇಬ್ಬರ ಹೆಸರೂ ಸೇರಿ ಸಿಯರ್ಸ್ ರೋಬಕ್ ಕಂಪೆನಿಯಾಯಿತು. 1895ರ ವೇಳೆಗೆ ಅದರ ಪಟ್ಟಿ 532 ಪುಟಗಳ ಹೊತ್ತಗೆ. ಸಿಯರ್ಸನು ತನ್ನ ಪುಸ್ತಕವನ್ನು ವಾರ್ಡನ ಪುಸ್ತಕಕ್ಕಿಂತ ಬೇಕೆಂದೇ ಸ್ವಲ್ಪ ಚಿಕ್ಕದಾಗಿ ಮಾಡಿಸಿದನೆಂದು ಹೇಳುತ್ತಾರೆ. ಅಚ್ಚುಕಟ್ಟಾದ ಗೃಹಿಣಿ ಎರಡನ್ನೂ ಜೋಡಿಸಿಟ್ಟಾಗ ಚಿಕ್ಕದು ಮೇಲೆ ಬರಬೇಕಲ್ಲವೆ!

ಆ ಪುಸ್ತಕದಲ್ಲಿ ಏನಿತ್ತು ಎಂದು ಕೇಳುವುದಕ್ಕಿಂತ ಏನಿರಲಿಲ್ಲ ಎಂದು ಕೇಳುವುದು ಲೇಸು. ನೇಗಿಲು, ಹಾಲಿನಿಂದ ಕೆನೆ ತೆಗೆಯುವ ಯಂತ್ರ, ಹೊಲಿಗೆಯ ಯಂತ್ರ, ಪಿಯಾನೋ, ಬೈಸಿಕಲ್ಲು, ಟೋಪಿ, ಮಗುವಿನ ತೊಟ್ಟಿಲು, ಗೋರಿಯ ಕಲ್ಲು ಸಹ. ಪ್ರತಿಯೊಂದಕ್ಕೂ ಚಿತ್ರ, ವಿವರ, ಅಚ್ಚಾದ ಬೆಲೆ. ಸಾಮಾನು ಒಪ್ಪಿಗೆಯಾಗದಿದ್ದರೆ ಹಣ ವಾಪಸು. ಬೇಕಾದುದನ್ನು ಯಾವ ಭಾಷೆಯಲ್ಲಿಯಾದರೂ, ಹೇಗೆ ಬರುವುದೋ ಹಾಗೆ ಬರೆದರೂ ಸಾಕೆಂದು ಕಂಪೆನಿ ಭರವಸೆ ಕೊಟ್ಟಿದ್ದಿತು. ಸ್ವೀಡನ್, ಜರ್ಮನಿಗಳಿಂದ ಹೊಸದಾಗಿ ಬಂದು, ಇಂಗ್ಲಿಷನ್ನು ತಡವರಿಸುತ್ತಿದ್ದ ರೈತನಿಗೆ ಇದು ಸಣ್ಣ ಸಮಾಧಾನವೇನು?

ಹೊಸ ಪುಸ್ತಕ ಬಂದಾಗ ಹಳೆಯದಕ್ಕೂ ಕೆಲಸವಿಲ್ಲದೆ ಹೋಗುತ್ತಿರಲಿಲ್ಲ. ಹೆಣ್ಣುಮಕ್ಕಳು ಅದರಲ್ಲಿನ ಚಿತ್ರಗಳನ್ನು ಕತ್ತರಿಸಿ ಕಾಗದದ ಬೊಂಬೆ ಮಾಡಿಕೊಳ್ಳುವರು. ಊಟದ ಮೇಜು ಎಟುಕದ ಮಗುವಿಗೆ ಅದೇ ಪೀಠ. ಒಂದೇ ಕೊಠಡಿಯ ಹಳ್ಳಿಶಾಲೆಯಲ್ಲಿ ಓದುಬರಹಕ್ಕೂ ಲೆಕ್ಕಕ್ಕೂ ಅದೇ ಪಠ್ಯ. ಕಡೆಯದಾಗಿ ಅದು ಹಿತ್ತಲಿನ ಪಾಯಿಖಾನೆಯ ಮೊಳೆಗೆ ತೂಗುಬಿದ್ದು, ಹಾಳೆಹಾಳೆಯಾಗಿ ಮುಕ್ತಿ ಪಡೆಯುತ್ತಿದ್ದಿತು. 1933ರಿಂದ ಕ್ರಿಸ್‌ಮಸ್ಸಿಗೆಂದೇ ಬೇರೊಂದು ಪಟ್ಟಿ ಬರತೊಡಗಿತು. ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಅದರ ಆಟಿಕೆಯ ಪುಟಗಳನ್ನು ಮಡಿಸಿ ಗುರುತಿಡುತ್ತಿದ್ದರು. ಬೇಡಿದುದೆಲ್ಲ ಬರುತ್ತಿರಲಿಲ್ಲ, ಆದರೆ ಬೇಡುವ ಸುಖಕ್ಕೆ ಕಾಸು ಕೊಡಬೇಕಾಗಿರಲಿಲ್ಲವಷ್ಟೆ.

1913ರ ಜನವರಿ 1ರಂದು ಸರಕಾರ ಪಾರ್ಸೆಲ್ ಅಂಚೆಯನ್ನು ಆರಂಭಿಸಿತು. ಅದಕ್ಕೆ ಮೊದಲು ನಾಲ್ಕು ಪೌಂಡಿಗಿಂತ ಭಾರವಾದ ಗಂಟನ್ನು ಖಾಸಗಿ ಸಾಗಾಣಿಕೆಯವರ ಕೈಗೆ, ಅವರು ಕೇಳಿದಷ್ಟು ತೆತ್ತು, ಕೊಡಬೇಕಾಗಿದ್ದಿತು. ಹೊಸ ಅನುಕೂಲವನ್ನು ಜನ ಎಷ್ಟರಮಟ್ಟಿಗೆ ಬಳಸಿಕೊಂಡರೆಂಬುದಕ್ಕೆ ಎರಡು ಸಂಗತಿಗಳು ಸಾಕು. 1914ರ ಫೆಬ್ರವರಿಯಲ್ಲಿ ಐಡಾಹೋ ಸಂಸ್ಥಾನದ ಒಂದು ಮನೆಯವರು ತಮ್ಮ ಪುಟ್ಟ ಹುಡುಗಿಯ ಕೋಟಿಗೆ 53 ಸೆಂಟಿನ ಸ್ಟ್ಯಾಂಪು ಅಂಟಿಸಿ, ರೈಲಿನ ಅಂಚೆಯ ಡಬ್ಬಿಯಲ್ಲಿ ಅಜ್ಜಿಯ ಮನೆಗೆ ಕಳುಹಿಸಿದರು! ರೈಲಿನ ಟಿಕೆಟ್ಟಿಗಿಂತ ಅದು ಅಗ್ಗವಾಗಿದ್ದಿತು. ಮಗು ಕ್ಷೇಮವಾಗಿ ತಲಪಿತು. ಅಂಚೆ ಇಲಾಖೆ ಮಕ್ಕಳನ್ನು ಪಾರ್ಸೆಲಾಗಿ ಕಳುಹಿಸುವುದನ್ನು ನಿಷೇಧಿಸಿತು. 1916ರಲ್ಲಿ ಯೂಟಾ ಸಂಸ್ಥಾನದ ವರ್ನಲ್ ಎಂಬ ಊರಿನಲ್ಲಿ ಬ್ಯಾಂಕಿನ ಕಟ್ಟಡಕ್ಕೆ ಬೇಕಾದ ಸುಮಾರು 80,000 ಇಟ್ಟಿಗೆಗಳು 50 ಪೌಂಡಿನ ಕಟ್ಟುಗಳಾಗಿ ಅಂಚೆಯಲ್ಲಿಯೇ ಬಂದವು. ಆ ಮೇಲೆ ಇಲಾಖೆ, ಒಬ್ಬನಿಂದ ಒಬ್ಬನಿಗೆ ದಿನಕ್ಕೆ 200 ಪೌಂಡಿಗಿಂತ ಹೆಚ್ಚು ಕಳುಹಿಸಕೂಡದೆಂದು ಕಟ್ಟಳೆ ಮಾಡಿತು.

ಇಟ್ಟಿಗೆಯ ಮಾತಿರಲಿ, ಇಡೀ ಮನೆಯನ್ನೇ ಪಟ್ಟಿ ನೋಡಿ ತರಿಸುವುದು ಸಾಧ್ಯವಾಗಿದ್ದಿತು. 1908ರಿಂದ 1940ರವರೆಗೆ ಸಿಯರ್ಸ್ ಕಂಪೆನಿ ಸುಮಾರು 70,000ದಿಂದ 75,000 ಮನೆಗಳನ್ನು ಹೀಗೆ ಮಾರಿತೆಂದು ಅಂದಾಜು. ಕ್ರಮೇಣ ಮರವನ್ನೆಲ್ಲ ಅಳತೆಗೆ ಕೊಯ್ದು, ತುಂಡುಗಳಿಗೆ ಅಂಕಿ ಹಾಕಿ, ಮೊಳೆ, ಬಣ್ಣ, ಕಟ್ಟುವ ಕ್ರಮದ ಪುಸ್ತಕ ಸಮೇತ ರೈಲಿನಲ್ಲಿ ಕಳುಹಿಸುವ ಪದ್ಧತಿ ಬಂದಿತು. ಸಾಲವನ್ನೂ ಕಂಪೆನಿಯೇ ಕೊಡುತ್ತಿದ್ದಿತು. 1929ರ ಅನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಕಂತು ಕಟ್ಟಲಾರದವರ ಮನೆಗಳು ಅದೇ ಕಂಪೆನಿಯ ವಶವಾದವು. ತಮ್ಮ ಕೈಯಾರೆ ಜೋಡಿಸಿದ ಮನೆಯನ್ನು ಬಿಟ್ಟು ಹೊರಟವರ ನೆನಪಿನಲ್ಲಿ ಆ ಪುಸ್ತಕ ಸಿಹಿಯಾಗಿ ಉಳಿದಿರಲಾರದು.

ನಮ್ಮ ಬಾನುಲಿಯ ಬಳಗಕ್ಕೆ ಸೇರಿದ ಸಂಗತಿಯೊಂದು ಇಲ್ಲಿದೆ. 1924ರ ಏಪ್ರಿಲ್‌ನಲ್ಲಿ ಸಿಯರ್ಸ್ ಕಂಪೆನಿ ಷಿಕಾಗೋದಲ್ಲಿ ತನ್ನದೇ ರೇಡಿಯೋ ನಿಲಯವನ್ನು ತೆರೆಯಿತು. ಅದರ ಹೆಸರು ಡಬ್ಲ್ಯು. ಎಲ್. ಎಸ್. ‘ಜಗತ್ತಿನ ಅತಿ ದೊಡ್ಡ ಅಂಗಡಿ’ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿವು. ವಿನಯ ಅದರಲ್ಲಿ ಕಡಮೆಯೇ. ಕೃಷಿಕರಿಗೆ ಬೇಕಾದ ಮಾತುಗಳ ಜೊತೆಗೆ ಶನಿವಾರ ರಾತ್ರಿ ಹಳ್ಳಿಯ ಹಾಡುಕುಣಿತದ ಕಾರ್ಯಕ್ರಮ. 1928ರಲ್ಲಿ ನಿಲಯ ಒಂದು ಕೃಷಿ ಪತ್ರಿಕೆಯವರ ಕೈಸೇರಿದರೂ ಹಾಡು ನಿಲ್ಲಲಿಲ್ಲ. 1930ರ ದಶಕದ ನಡುವಿನಲ್ಲಿಯೂ ಹತ್ತು ಹೊಲಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ತಿರಲಿಲ್ಲ. ಪಟ್ಟಿಯಿಂದಲೇ ತರಿಸಿದ ಬ್ಯಾಟರಿ ರೇಡಿಯೋದ ಸುತ್ತ ಸೀಮೆಯೆಣ್ಣೆಯ ದೀಪದಲ್ಲಿ ಮನೆಮಂದಿ ಕುಳಿತು ಕೇಳುತ್ತಿದ್ದರು.

ಇಲ್ಲಿಯವರೆಗೆ ಹೇಳಿದುದು ಹೆಚ್ಚಾಗಿ ಬಿಳಿಯ ರೈತರ ನೆನಪು. ಈ ಚಿತ್ರಕ್ಕೆ ಮತ್ತೊಂದು ಪಾರ್ಶ್ವವಿದೆ. ದಕ್ಷಿಣದ ಸಂಸ್ಥಾನಗಳಲ್ಲಿ 1865ರಲ್ಲಿ ಗುಲಾಮಗಿರಿ ಅಳಿದ ಮೇಲೂ ಕಪ್ಪು ಜನರು ಬಹುಮಂದಿ ಪಾಲಿನ ಗೇಣಿಯ ರೈತರಾಗಿ ಉಳಿದರು. ಮುಂದಿನ ಬೆಳೆಯ ಮೇಲೆ ಸಾಲ. ಸಾಲಕ್ಕೆ ಸಾಮಾನು ಕೊಡುವವನು ಜಮೀನುದಾರ ಇಲ್ಲವೆ ಅವನ ಕಡೆಯ ಅಂಗಡಿಕಾರ. ಕೈಗಡದ ಬೆಲೆ ರೊಕ್ಕದ ಬೆಲೆಗಿಂತ ಹೆಚ್ಚು. ಅಂಗಡಿಯಲ್ಲಿ ಬಿಳಿಯರೆಲ್ಲರ ವ್ಯಾಪಾರ ಮುಗಿಯುವವರೆಗೆ ಕಪ್ಪು ಗಿರಾಕಿ ಕಾದು ನಿಲ್ಲಬೇಕು. ಒಳ್ಳೆಯ ಬಟ್ಟೆ ಕೇಳಿದರೆ ‘ನಿನಗೇಕೆ ಅದು?’ ಎಂಬ ನೋಟ. ಇಂತಹವನ ಮನೆಗೆ ಆ ಪುಸ್ತಕ ಬಂದಿತು. ಅದರ ಬೆಲೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಂಚೆಯವನ ಗಾಡಿಯ ಬಳಿ ಹಣ ಕೊಟ್ಟು ಆರ್ಡರು ಕಳುಹಿಸಿದರೆ, ಪೇಟೆಯ ಅಂಗಡಿಯ ಮುಂದೆ ತಲೆತಗ್ಗಿಸುವ ಅಗತ್ಯವಿಲ್ಲ. ಮಿಸಿಸಿಪಿಯಲ್ಲಿ ಬೆಳೆದು ಮುಂದೆ ಲೋಕಪ್ರಸಿದ್ಧನಾದ ಗಾಯಕ ಮಡ್ಡಿ ವಾಟರ್ಸ್, ಮನೆಯಲ್ಲಿ ಉಳಿದಿದ್ದ ಕಡೆಯ ಕುದುರೆಯನ್ನು ಮಾರಿ, ಅರ್ಧ ಹಣವನ್ನು ಅಜ್ಜಿಗೆ ಕೊಟ್ಟು, ಸುಮಾರು ಎರಡೂವರೆ ಡಾಲರಿಗೆ ಗಿಟಾರು ಕೊಂಡೆನೆಂದು ಹೇಳಿಕೊಂಡಿದ್ದಾನೆ. ಅಂತಹ ಗಿಟಾರುಗಳನ್ನು ಅಲ್ಲಿಯ ಜನ ತರಿಸುತ್ತಿದ್ದುದು ಷಿಕಾಗೋದ ಸಿಯರ್ಸ್‌ನಿಂದ.

ಪೇಟೆಯ ವ್ಯಾಪಾರಿಗಳು ಸುಮ್ಮನಿದ್ದರೆ? ಕೆಲವೆಡೆ ಪಟ್ಟಿಗಳನ್ನು ಒಟ್ಟುಮಾಡಿ ಸುಟ್ಟರು. ಕಂಪೆನಿಯ ಒಡೆಯರೇ ಕಪ್ಪು ಜನರೆಂದು ಸುದ್ದಿ ಹಬ್ಬಿಸಿದರು. ಬಿಳಿಯ ಗಿರಾಕಿಗಳನ್ನು ಹೆದರಿಸಲು ಆ ಒಂದು ಮಾತು ಸಾಕೆಂದು ಅವರು ಎಣಿಸಿದರು ಎಂಬುದರಲ್ಲಿಯೇ ಆ ಕಾಲದ ರೋಗ ತಿಳಿಯುತ್ತದೆ. ಪುಸ್ತಕದಿಂದ ರೋಗ ವಾಸಿಯಾಗಲಿಲ್ಲ. ಗಿಟಾರು ಕೊಂಡವನು ಓಟು ಹಾಕಲಾರದೆ ಉಳಿದನು. ಊಟದ ಅಂಗಡಿಯಲ್ಲಿ ಸರಿಸಮನಾಗಿ ಕುಳಿತುಕೊಳ್ಳುವ ಹಕ್ಕಿಗೆ 1964ರ ಶಾಸನದವರೆಗೆ ಕಾಯಬೇಕಾಯಿತು.

ಪಟ್ಟಿಯ ಲಾಭದ ಒಂದು ಪಾಲು ಮಾತ್ರ ಬೇರೆ ದಾರಿಯಿಂದ ಅದೇ ಜನರ ಬಳಿಗೆ ಬಂದಿತು. ಸಿಯರ್ಸನ ತರುವಾಯ ಕಂಪೆನಿಯ ಅಧ್ಯಕ್ಷನಾದ ಜೂಲಿಯಸ್ ರೋಸೆನ್‌ವಾಲ್ಡ್, ಕಪ್ಪು ಜನರ ವಿದ್ಯಾಗುರು ಬುಕರ್ ಟಿ. ವಾಷಿಂಗ್ಟನ್ನರ ಪ್ರೇರಣೆಯಿಂದ 1912ರಲ್ಲಿ ಅಲಬಾಮದಲ್ಲಿ ಶಾಲೆಗಳನ್ನು ಕಟ್ಟಿಸಲು ನೆರವಾದನು. 1932ರ ವೇಳೆಗೆ 15 ಸಂಸ್ಥಾನಗಳಲ್ಲಿ ಅಂತಹ ಶಾಲೆಗಳು ಸುಮಾರು 5,000. ಊರಿನವರು ತಾವೂ ಪಾಲು ಹಾಕಬೇಕೆಂಬುದು ನಿಬಂಧನೆ. ಕಪ್ಪು ಜನರು ಕಾಸಿಗೆ ಕಾಸು ಕೂಡಿಸಿ ಕೊಟ್ಟ ಹಣ ರೋಸೆನ್‌ವಾಲ್ಡನ ನಿಧಿ ಕೊಟ್ಟುದಕ್ಕಿಂತ ತುಸು ಹೆಚ್ಚೇ ಆಯಿತು. ಕವಯಿತ್ರಿ ಮಾಯಾ ಏಂಜಲೊ, ಹಕ್ಕುಗಳಿಗಾಗಿ ಹೋರಾಡಿದ ಜಾನ್ ಲೂಯಿಸ್ ಇಂತಹ ಶಾಲೆಗಳಲ್ಲಿ ಓದಿದವರು.

1920ರ ಜನಗಣತಿಯಲ್ಲಿ ನಗರವಾಸಿಗಳ ಸಂಖ್ಯೆ ಮೊದಲ ಬಾರಿಗೆ ಗ್ರಾಮವಾಸಿಗಳನ್ನು ಮೀರಿತು. ಮೋಟಾರು ಬಂದು ಪೇಟೆ ಹತ್ತಿರವಾಯಿತು. 1925ರಲ್ಲಿ ಸಿಯರ್ಸ್ ತಾನೇ ಚಿಲ್ಲರೆ ಅಂಗಡಿ ತೆರೆಯಿತು. ವಾರ್ಡನ ಪಟ್ಟಿ 1985ರಲ್ಲಿ ನಿಂತಿತು. ಸಿಯರ್ಸನ ದೊಡ್ಡ ಪುಸ್ತಕ 1993ರಲ್ಲಿ. ಮರುವರ್ಷವೇ ಅಮೆಜಾನ್ ಕಂಪೆನಿ ಹುಟ್ಟಿ, ಮನೆಬಾಗಿಲಿಗೆ ಅಂಗಡಿಯನ್ನು ತರುವ ಕೆಲಸವನ್ನು ಬೇರೊಂದು ಬಗೆಯಲ್ಲಿ ಮೊದಲಿನಿಂದ ಆರಂಭಿಸಿದುದು ಕಾಲದ ವಿನೋದ.

ಹಳೆಯದನ್ನು ನೆನೆಯುವಾಗ ಮನಸ್ಸು ಸಿಹಿಯನ್ನಷ್ಟೇ ಹೆಕ್ಕುತ್ತದೆ. ಮಂಜುಗಡ್ಡೆಯ ಚೀಟಿ, ಕಾಗದದ ಬೊಂಬೆ, ಕ್ರಿಸ್‌ಮಸ್ಸಿನ ಪುಟಗಳು ನೆನೆಯಲು ಯೋಗ್ಯವಾದವೇ, ಸಂದೇಹವಿಲ್ಲ. ಆದರೆ ಆ ಬೆಲೆಪಟ್ಟಿಯ ಗುಣಗಳಲ್ಲಿ ಮೊದಲು ಎಣಿಸಬೇಕಾದುದು, ಅದರ ಅಚ್ಚಾದ ಬೆಲೆ ಬಿಳಿಯನಿಗೂ ಕರಿಯನಿಗೂ ಒಂದೇ ಆಗಿದ್ದಿತೆಂಬುದು. ಅದು ವ್ಯಾಪಾರಿಯ ಧರ್ಮಬುದ್ಧಿಯಿಂದ ಬಂದದ್ದಲ್ಲ, ವ್ಯಾಪಾರದ ಸೌಕರ್ಯದಿಂದ ಬಂದದ್ದು. ಹಾಗಿದ್ದರೂ, ಊರ ಅಂಗಡಿಯಲ್ಲಿ ಕಡೆಯವನಾಗಿ ನಿಲ್ಲುತ್ತಿದ್ದ ಮನುಷ್ಯ ತನ್ನ ಜಗಲಿಯ ಮೇಲೆ ಕುಳಿತು, ಯಾರ ಅಪ್ಪಣೆಯನ್ನೂ ಕೇಳದೆ, ತನಗೆ ಬೇಕಾದ ಪುಟವನ್ನು ತಿರುವಿದನು. ಅವನ ನೆನಪನ್ನೂ ಕೂಡಿಸಿಕೊಂಡರೆ ಮಾತ್ರ ಆ ಪುಸ್ತಕದ ಚರಿತ್ರೆ ಪೂರ್ತಿಯಾಗುತ್ತದೆ.