ಸಂಖ್ಯೆಯೇ ಹೆಸರಾದ ತೇಲುಗಟ್ಟೆಗಳು

ಗದಗ-ಬೆಟಗೇರಿಯಿಂದ ಸಮುದ್ರ ದೂರ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎರೆಭೂಮಿಯಲ್ಲಿ ಬೆಳೆದವರಿಗೆ ನೀರಿನ ವಾಹನವೆಂದರೆ ತುಂಗಭದ್ರೆಯ ಹರಿಗೋಲು. ಅಂಥ ಸೀಮೆಯವನಾದ ನಾನು ಯುದ್ಧನೌಕೆಗಳನ್ನು ನೀರಿನಿಂದ ಎತ್ತಿ ಹಿಡಿಯುವ ಉಕ್ಕಿನ ಸಾಧನವೊಂದರ ಚರಿತ್ರೆ ಹೇಳಹೊರಟರೆ ಶ್ರೋತೃಗಳಿಗೆ ಸೋಜಿಗವೆನಿಸಬಹುದು. ಆದರೆ ನಮ್ಮ ನೆಲಕ್ಕೂ ಕಡಲಿಗೂ ಹಳೆಯ ನಂಟಿದೆ.

ನಮ್ಮ ಎರೆಹೊಲಗಳ ದೇಶಿ ಹತ್ತಿ ಒಂದು ಕಾಲಕ್ಕೆ ದೂರದ ಪೇಟೆಗಳಲ್ಲಿ ‘ಕುಮಟಾ’ ಎಂಬ ಹೆಸರಿನಿಂದ ಮಾರಾಟವಾಗುತ್ತಿತ್ತು. ಅದು ಕುಮಟೆಯಲ್ಲಿ ಬೆಳೆದದ್ದಲ್ಲ. ಚಕ್ಕಡಿಗಳಲ್ಲಿ ಘಟ್ಟ ಇಳಿದು ಆ ಬಂದರಿನಲ್ಲಿ ಹಡಗನ್ನೇರುತ್ತಿತ್ತು, ಅಷ್ಟೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಕಾರವಾರವನ್ನು ಈ ಹತ್ತಿಯ ಬಂದರನ್ನಾಗಿ ಮಾಡುವ ಹಂಬಲವಿತ್ತು. ಮುಂದೆ 1884ರಲ್ಲಿ ಹೋಟಗಿ-ಗದಗ ರೈಲುಮಾರ್ಗ ತೆರೆಯಿತು. 1888ರಲ್ಲಿ ಮರ್ಮಗೋವಾ ಬಂದರಿಗೂ ರೈಲು ಮುಟ್ಟಿತು. ಕಾರವಾರದ ಕನಸು ಮಸುಕಾಯಿತು. ಆದರೂ ‘ಕುಮಟಾ’ ಎಂಬ ಹೆಸರು ಹತ್ತಿಯ ವ್ಯಾಪಾರದಲ್ಲಿ ಬಹುಕಾಲ ನಿಂತಿತು. ಬೆಳೆದವರ ಊರಿನ ಹೆಸರು ಅಳಿದು, ಸಾಗಿಸಿದ ದಾರಿಯ ಹೆಸರು ಉಳಿಯಿತು. ಭಾರ ಹೊತ್ತವರ ಹೆಸರನ್ನು ಚರಿತ್ರೆ ಮರೆಯುವ ಈ ರೀತಿಯೇ ನಾನು ಇಂದು ಹೇಳಲಿರುವ ಕಥೆಯ ಎಳೆ.

ಹಡಗಿನ ಅಡಿಭಾಗ ಸದಾ ನೀರಿನಲ್ಲಿರುತ್ತದೆ. ಅದಕ್ಕೆ ಪಾಚಿ, ಚಿಪ್ಪು ಮೆತ್ತಿಕೊಳ್ಳುತ್ತವೆ, ತುಕ್ಕು ತಿನ್ನುತ್ತದೆ. ಅದನ್ನು ಕೆರೆದು, ಬಣ್ಣ ಬಳಿದು, ಬಿರುಕು ಬೆಸೆಯಬೇಕಾದರೆ ಹಡಗು ಒಣಗಿದ ಜಾಗಕ್ಕೆ ಬರಬೇಕು. ದಡದಲ್ಲಿ ಕಲ್ಲು, ಕಾಂಕ್ರೀಟಿನಿಂದ ಕಟ್ಟಿದ ಡ್ರೈಡಾಕ್ ಒಂದು ಬಗೆ. ಇನ್ನೊಂದು ನೀರಿನ ಮೇಲೆಯೇ ಇರುವ ಡ್ರೈಡಾಕ್. ಅದನ್ನು ನಾನು ತೇಲುಗಟ್ಟೆ ಎಂದು ಕರೆಯುತ್ತೇನೆ. ಟೊಳ್ಳಾದ ಉಕ್ಕಿನ ನೆಲಗಟ್ಟು, ಎರಡು ಬದಿಗೆ ಟೊಳ್ಳು ಗೋಡೆಗಳು, ತೆರೆದ ಎರಡು ತುದಿಗಳು: ಇದು ಅದರ ಆಕಾರ. ಒಳಗಿನ ತೊಟ್ಟಿಗಳಿಗೆ ನೀರು ತುಂಬಿಸಿದರೆ ಕಟ್ಟೆ ಮುಳುಗುತ್ತದೆ. ಹಡಗು ಗೋಡೆಗಳ ನಡುವೆ ಬಂದು ನಿಲ್ಲುತ್ತದೆ. ಬಳಿಕ ಪಂಪುಗಳು ನೀರನ್ನು ಹೊರಹಾಕಿದಂತೆ ಕಟ್ಟೆ ಹಡಗನ್ನು ಬೆನ್ನ ಮೇಲೆ ಹೊತ್ತು ಮೇಲೇಳುತ್ತದೆ. ತಾನು ಮುಳುಗದೆ ಇನ್ನೊಂದನ್ನು ಎತ್ತಲಾಗದ ಸಾಧನ ಇದು.

ಇದರ ಮರ್ಮವೆಲ್ಲ ಸಮತೂಕದಲ್ಲಿದೆ. ಹತ್ತಿಯ ಅಂಡಿಗೆಗಳನ್ನು ಚಕ್ಕಡಿಗೆ ಹೇರುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ತೇಲುಗಟ್ಟೆಯಲ್ಲಿಯೂ ಒಟ್ಟು ಭಾರ ಎಷ್ಟೆಂಬುದು ಮಾತ್ರವೇ ಮುಖ್ಯವಲ್ಲ. ಭಾರ ಎಲ್ಲಿದೆ ಎಂಬುದು ಅಷ್ಟೇ ಮುಖ್ಯ. ಹಡಗು ಎಲ್ಲಿ ಹೆಚ್ಚು ತೂಗುತ್ತದೋ ಅಲ್ಲಿನ ತೊಟ್ಟಿಗಳೇ ಹೆಚ್ಚು ಎತ್ತಬೇಕು.

ಬ್ರಿಟಿಷ್ ನೌಕಾಪಡೆ ತನ್ನ ತೇಲುಗಟ್ಟೆಗಳಿಗೆ ಸಂಖ್ಯೆಗಳನ್ನಷ್ಟೇ ಕೊಟ್ಟಿತ್ತು. 9ನೆಯದನ್ನು ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ಕಟ್ಟಿ, 1928ರಲ್ಲಿ ಭಾಗಭಾಗವಾಗಿ ಸೂಯೆಜ್ ಕಾಲುವೆಯ ಮೂಲಕ ಸಿಂಗಪುರಕ್ಕೆ ಎಳೆದೊಯ್ದರು. ಸುಮಾರು 50,000 ಟನ್ ಎತ್ತುವ ಈ ಕಟ್ಟೆ ಪೂರ್ವ ಸಮುದ್ರದಲ್ಲಿ ಸಾಮ್ರಾಜ್ಯದ ಹೆಮ್ಮೆಯಾಗಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಶತ್ರುವಿನ ಕೈಗೆ ಸಿಗಬಾರದೆಂದು ಬ್ರಿಟಿಷರೇ ಕಟ್ಟೆಯನ್ನು ಮುಳುಗಿಸಿದರು. ಜಪಾನೀಯರು ಅದನ್ನು ಎತ್ತಿ ದುಡಿಸಿಕೊಂಡರು. 1945ರ ಫೆಬ್ರವರಿ 1ರಂದು ಅಮೆರಿಕದ ಬಾಂಬು ವಿಮಾನಗಳು ಅದನ್ನು ಮತ್ತೆ ಮುಳುಗಿಸಿದವು. ಅದಕ್ಕೆ ಸ್ವಪಕ್ಷ, ಪರಪಕ್ಷವೆಂಬುದಿರಲಿಲ್ಲ. ಯಾರ ಕೈಯಲ್ಲಿತ್ತೋ ಅವರ ಹಡಗನ್ನು ಎತ್ತುತ್ತಿತ್ತು.

ಸಿಂಗಪುರ ಕೈಬಿಟ್ಟಮೇಲೆ ಹಿಂದೂ ಮಹಾಸಾಗರದ ಯುದ್ಧನೌಕೆಗಳಿಗೆ ಬೇರೊಂದು ಆಸರೆ ಬೇಕಾಯಿತು. ಆಗ ಮುಂಬಯಿಯಲ್ಲಿ ಸಿದ್ಧವಾದದ್ದು 23ನೆಯ ತೇಲುಗಟ್ಟೆ. ಅದನ್ನು ಸಿಂಹಳದ ಟ್ರಿಂಕಾಮಲಿಗೆ ಎಳೆದೊಯ್ದರು. 1944ರ ಆಗಸ್ಟ್ 8ರಂದು ‘ವೇಲಿಯಂಟ್’ ಎಂಬ ಯುದ್ಧನೌಕೆ ಅದನ್ನು ಹೊಕ್ಕಿತು. ಇದು ಸಾಮಾನ್ಯ ನೌಕೆಯಲ್ಲ. 1941ರ ಡಿಸೆಂಬರಿನಲ್ಲಿ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಇಟಲಿಯ ಮುಳುಗುಗಾರರು ಇದರ ಅಡಿಗೆ ಸ್ಫೋಟಕ ಇಟ್ಟಿದ್ದರು. ಆಗ ಇದನ್ನು ಹೊತ್ತು ನಿಂತದ್ದು ಅಲ್ಲಿಯ ಒಂದು ತೇಲುಗಟ್ಟೆ. ಟ್ರಿಂಕಾಮಲಿಯಲ್ಲಿ ಮಾತ್ರ ಬೇರೆಯದೇ ಆಯಿತು. ನೌಕೆಯ ಹೊಟ್ಟೆಯಲ್ಲಿ ಮದ್ದುಗುಂಡುಗಳು ತುಂಬಿದ್ದವು. ತೊಟ್ಟಿಗಳನ್ನು ಬರಿದು ಮಾಡಿದ ಕ್ರಮ ಆ ಭಾರದ ಹಂಚಿಕೆಗೆ ಹೊಂದಲಿಲ್ಲ. ಕಟ್ಟೆಯ ಬೆನ್ನು ಮುರಿಯಿತು, ಅದು ಮುಳುಗಿತು. ನೌಕೆ ತೇಲಿಕೊಂಡು ಉಳಿಯಿತಾದರೂ ಅದರ ಚುಕ್ಕಾಣಿ, ಚಾಲಕ ದಂಡಗಳು ಜಖಂಗೊಂಡವು. ಅಲೆಕ್ಸಾಂಡ್ರಿಯಾದತ್ತ ಹೊರಟು ಸೂಯೆಜ್ ತಲುಪಿದರೂ ಆ ಸ್ಥಿತಿಯಲ್ಲಿ ಕಾಲುವೆ ದಾಟಲಾಗಲಿಲ್ಲ. ಕೊನೆಗೆ ಇಂಗ್ಲೆಂಡಿಗೆ ಮರಳಿ ತರಬೇತಿಯ ನೌಕೆಯಾಗಿ ಕಾಲ ಕಳೆಯಿತು.

ಯುದ್ಧಚರಿತ್ರೆಯ ಪುಸ್ತಕಗಳಲ್ಲಿ ಈ ಘಟನೆ ‘ವೇಲಿಯಂಟ್’ ನೌಕೆಯ ಅಧ್ಯಾಯದಲ್ಲಿ ಬರುತ್ತದೆ. ಕಟ್ಟೆ ಅಲ್ಲಿ ಅಪಘಾತದ ಕಾರಣವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಯುದ್ಧದ ಬಿಕ್ಕಟ್ಟಿನ ನಡುವೆ ಮುಂಬಯಿಯ ಬಿಸಿಲಿನಲ್ಲಿ ಆ ಉಕ್ಕಿನ ಹಲಗೆಗಳನ್ನು ಬೆಸೆದ ಕೈಗಳು ಯಾವ ಪುಟದಲ್ಲೂ ಇಲ್ಲ. ಎತ್ತಿದ ದಿನಗಳಿಗೆ ದಾಖಲೆಯಿಲ್ಲ, ಮುರಿದ ದಿನಕ್ಕೆ ಮಾತ್ರ ತಾರೀಖು ಉಂಟು.

ಸ್ವತಂತ್ರ ಭಾರತದ ನೌಕಾಪಡೆಗೂ ತೇಲುಗಟ್ಟೆಗಳು ಬಂದವು. ಮೊದಲನೆಯದು 1987ರಲ್ಲಿ ಜಪಾನಿನಲ್ಲಿ ತಯಾರಾಗಿ ಅಂಡಮಾನಿನ ಪೋರ್ಟ್ ಬ್ಲೇರಿಗೆ ಬಂತು. ಒಂದು ಕಾಲಕ್ಕೆ ಸಿಂಗಪುರದ ಕಟ್ಟೆಯನ್ನು ವಶಪಡಿಸಿಕೊಂಡ ದೇಶವೇ ನಮಗೆ ಕಟ್ಟಿಕೊಟ್ಟದ್ದು ಕಾಲದ ಆಟ. ಎರಡನೆಯದು ನಮ್ಮ ದೇಶದಲ್ಲೇ, ಚೆನ್ನೈ ಬಳಿಯ ಕಾಟ್ಟುಪಳ್ಳಿಯಲ್ಲಿ ಸಿದ್ಧವಾಗಿ 2017ರ ಜೂನ್ 20ರಂದು ನೀರಿಗಿಳಿಯಿತು. ಉದ್ದ 185 ಮೀಟರು, 8,000 ಟನ್ ಎತ್ತುವ ಶಕ್ತಿ. ಇವಕ್ಕೂ ಹೆಸರಿಲ್ಲ, ಒಂದು, ಎರಡು ಎಂಬ ಎಣಿಕೆಯೇ ಹೆಸರು.

ಕರ್ನಾಟಕದ ಪಾಲಿಗೆ ಬಂದದ್ದು ಕಾರವಾರದ ಹಡಗು ಎತ್ತುಗೆ. ಹತ್ತಿಯ ಬಂದರಾಗಲೆಂದು ಬಯಸಿದ ಊರು ಸುಮಾರು ನೂರನಲವತ್ತು ವರ್ಷಗಳ ನಂತರ ನೌಕಾನೆಲೆಯಾಯಿತು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ‘ಸೀಬರ್ಡ್’ ಯೋಜನೆಗೆ ಅಡಿಗಲ್ಲಿಟ್ಟರು; 2005ರ ಮೇ 31ರಂದು ‘ಕದಂಬ’ ನೆಲೆ ಕಾರ್ಯಾರಂಭ ಮಾಡಿತು. ಇಲ್ಲಿ ತೊಟ್ಟಿಗಳಿಗೆ ಬದಲಾಗಿ ಸಾಲುಸಾಲು ವಿಂಚುಗಳು ಒಂದು ವೇದಿಕೆಯನ್ನು ಮೇಲೆತ್ತುತ್ತವೆ. ಅದರ ಸಾಮರ್ಥ್ಯ 10,000 ಟನ್. ಸಾಧನ ಬೇರೆಯಾದರೂ ನಿಯಮ ಅದೇ: ಒಂದು ತಂತಿ ಸಡಿಲವಾದರೆ ಅದರ ಭಾರ ಪಕ್ಕದ ತಂತಿಗಳ ಮೇಲೆ ಬೀಳುತ್ತದೆ.

ಈ ನೆಲೆಗಾಗಿ ಅರಗಾ, ಚೆಂಡಿಯಾ ಮುಂತಾದ ಊರುಗಳ ಸಾವಿರಾರು ಕುಟುಂಬಗಳು ಗದ್ದೆ, ಮನೆ, ಮೀನಿನ ದಂಡೆಗಳನ್ನು ಬಿಟ್ಟೆದ್ದವು. ಪರಿಹಾರಕ್ಕಾಗಿ ಅವರು ನ್ಯಾಯಾಲಯಗಳ ಮೆಟ್ಟಿಲುಗಳನ್ನು ವರ್ಷಗಟ್ಟಲೆ ಹತ್ತಿಳಿದರು. ನೆಲೆಗೆ ಬನವಾಸಿಯ ರಾಜವಂಶದ ಹೆಸರು ಬಂದದ್ದು ಕನ್ನಡಿಗರಿಗೆ ಅಭಿಮಾನದ ಸಂಗತಿಯೇ ಸರಿ. ಆದರೆ ದೇಶದ ರಕ್ಷಣೆಯೂ ಒಂದು ಭಾರ. ಅದನ್ನು ಕೆಲವೇ ಊರುಗಳ ಹೆಗಲಿಗೆ ಹೇರಿ ಉಳಿದವರು ಹಗುರಾದರೆ, ಅದು ತೊಟ್ಟಿಗಳನ್ನು ತಪ್ಪು ಕ್ರಮದಲ್ಲಿ ಬರಿದು ಮಾಡಿದಂತೆಯೇ. ಬೆನ್ನು ಮುರಿಯುವುದು ಒಟ್ಟು ಭಾರ ಹೆಚ್ಚಾಗಿದ್ದಕ್ಕಲ್ಲ, ಹಂಚಿಕೆ ತಪ್ಪಿದ್ದಕ್ಕೆ ಎಂಬುದನ್ನು ಟ್ರಿಂಕಾಮಲಿಯ ನೀರಿನಲ್ಲಿ ಮುಳುಗಿದ 23ನೆಯ ಕಟ್ಟೆ ನಮಗೆ ತೋರಿಸಿಕೊಟ್ಟಿದೆ.