ಕೋಚ್: ಹಂಗೇರಿಯ ಬಂಡಿಯಿಂದ ಕಾಲ್ಚೆಂಡಿನ ಅಂಗಳಕ್ಕೆ

ಕುಕ್ಕುಂದೂರಿನ ಜೋಡುರಸ್ತೆಯಲ್ಲಿ ಸಂಜೆ ನಿಂತರೆ ದೂರದೂರಿಗೆ ಹೊರಟ ಬಸ್ಸಿನ ಮೈಮೇಲೆ ‘ಸ್ಲೀಪರ್ ಕೋಚ್’ ಎಂಬ ಬರಹ ಕಾಣುತ್ತದೆ. ಮೈದಾನದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರೂ ‘ಕೋಚ್’. ಎರಡೂ ಒಂದೇ ಪದ.

ಅದರ ಹುಟ್ಟೂರು ಹಂಗೇರಿಯ ಕೊಚ್ ಎಂಬ ಹಳ್ಳಿ. 15ನೇ ಶತಮಾನದಲ್ಲಿ ಅಲ್ಲಿಯ ಹಗುರ ಕುದುರೆಬಂಡಿ ಹೆಸರು ಮಾಡಿತು. ಊರಿನ ಹೆಸರು ಬಂಡಿಗೂ ಅಂಟಿತು. ಯುರೋಪಿನ ಭಾಷೆಗಳನ್ನು ಹಾದು 16ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂತು. 1830ರ ಹೊತ್ತಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆ ದಾಟಿಸುವ ಖಾಸಗಿ ಮೇಷ್ಟ್ರನ್ನು ಈ ಬಂಡಿಯ ಹೆಸರಿನಿಂದ ಕರೆಯತೊಡಗಿದರು. ಇಂದು ಮಣಿಪಾಲದಲ್ಲೂ ಕಾರ್ಕಳದಲ್ಲೂ ಕೇಳುವ ‘ಕೋಚಿಂಗ್ ಕ್ಲಾಸ್’ನಲ್ಲಿ ಉಳಿದಿರುವುದು ಆ ಅರ್ಥವೇ. 1860ರ ದಶಕದಲ್ಲಿ ಪದ ಆಟದ ಅಂಗಳಕ್ಕೆ ಇಳಿಯಿತು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಇದೇ ಕೆಲಸದವರಿಗೆ ಬಹುಕಾಲ ‘ಮ್ಯಾನೇಜರ್’ ಎಂದೇ ಹೆಸರು. ಅದರ ಮೂಲವಾದ ಇಟಾಲಿಯನ್ ಪದಕ್ಕೂ ಕುದುರೆಯನ್ನು ಪಳಗಿಸುವುದೆಂಬ ಅರ್ಥವಿತ್ತು.

ಕನ್ನಡದ ‘ತರಬೇತುದಾರ’ ಬೇರೆ ದಾರಿಯಲ್ಲಿ ಬಂದವನು. ಅರಬ್ಬಿಯ ‘ತರ್ಬಿಯತ್’ ಪಾರ್ಸಿ, ಉರ್ದುಗಳನ್ನು ದಾಟಿ ‘ತರಬೇತು’ ಆಯಿತು. ಸುಬೇದಾರನಲ್ಲಿರುವ ‘ದಾರ’ ಅದಕ್ಕೆ ಕೂಡಿಕೊಂಡಿತು. ತರ್ಬಿಯತ್ ಎಂದರೆ ಸಾಕಿ ಬೆಳೆಸುವುದು. ಕೋಚ್ ತಲುಪಿಸುವವನು, ತರಬೇತುದಾರ ಬೆಳೆಸುವವನು. ಒಳ್ಳೆಯ ಹೆಡ್ ಕೋಚ್ ಯಾರು ಎಂದು ಅಳೆಯುವಾಗ ನಾವು ಮೊದಲನೆಯ ಅರ್ಥಕ್ಕೇ ಜೋತುಬೀಳುತ್ತೇವೆ: ಕಪ್ ಬಂತೇ, ಇಲ್ಲವೇ? ವೃತ್ತಿಪರ ಕ್ಲಬ್‌ಗಳಲ್ಲಿ ನಾಲ್ಕು ಪಂದ್ಯ ಸೋತರೆ ಕೋಚ್‌ನ ಕುರ್ಚಿ ಅಲುಗುತ್ತದೆ.

ಈ ಅಳತೆಯಲ್ಲಿ ಭಾರತ ಫುಟ್‌ಬಾಲ್ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಮ್ 1952ರಲ್ಲೇ ಮನೆಗೆ ಹೋಗಬೇಕಿತ್ತು. ಹೈದರಾಬಾದಿನ ಈ ಶಾಲಾ ಮೇಷ್ಟ್ರು 1951ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದಿದ್ದರು ನಿಜ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲೇ ಆಡಿದ ಅದೇ ತಂಡ ಯುಗೊಸ್ಲಾವಿಯಾದ ಎದುರು 1–10ರಿಂದ ಸೋತಿತು. ಆದರೂ ರಹೀಮ್ ಉಳಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ಹುಡುಗರು ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿ ನಾಲ್ಕನೆಯ ಸ್ಥಾನಕ್ಕೆ ಬಂದರು.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಅವರ ಬುದ್ಧಿಯ ದೊಡ್ಡ ಪರೀಕ್ಷೆ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0–2ರಿಂದ ಸೋಲು. ಥಾಯ್ಲೆಂಡ್ ಎದುರು ರಕ್ಷಣೆಯ ಆಧಾರವಾಗಿದ್ದ ಜರ್ನೈಲ್ ಸಿಂಗ್‌ಗೆ ತಲೆ ಒಡೆದು ಹೊಲಿಗೆ ಬಿತ್ತು. ಆಮೇಲೆ ಜರ್ನೈಲ್‌ರನ್ನು ರಹೀಮ್ ಮುಂಚೂಣಿಗೆ ಕಳಿಸಿದರು. ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಜರ್ನೈಲ್ ಗೋಲು ಹೊಡೆದರು. ಫೈನಲ್‌ನಲ್ಲಿ ಅದೇ ಕೊರಿಯಾವನ್ನು ಭಾರತ 2–1ರಿಂದ ಸೋಲಿಸಿತು. ಕಾಲೇಜು ದಿನಗಳಲ್ಲಿ ಆಟಗಾರ ಯಾವ ಯಾವ ಸ್ಥಾನದಲ್ಲಿ ಆಡಿದ್ದ, ನೋವಿನಲ್ಲೂ ಅವನು ಏನು ಮಾಡಬಲ್ಲ ಎಂಬುದನ್ನು ಬಲ್ಲವನಿಗೆ ಮಾತ್ರ ಇಂಥ ನಿರ್ಧಾರ ಮಾಡಲು ಸಾಧ್ಯ. ಹಲಗೆಯ ಮೇಲೆ ಬರೆದ ತಂತ್ರದಿಂದ ಇದು ಬರುವುದಿಲ್ಲ.

ಹತ್ತಿರದ ಉದಾಹರಣೆಗೆ ನಮ್ಮ ರಾಜ್ಯದಲ್ಲೇ ಬೆಂಗಳೂರು ಎಫ್‌ಸಿ ಇದೆ. 2013ರಲ್ಲಿ ಹುಟ್ಟಿದ ಕ್ಲಬ್‌ಗೆ ಕೋಚ್ ಆಶ್ಲಿ ವೆಸ್ಟ್‌ವುಡ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದುಕೊಟ್ಟರು, 2016ರಲ್ಲಿ ಇನ್ನೊಮ್ಮೆ. ಅವರು ಹೋದ ಮೇಲೆ ಬಂದ ಆಲ್ಬರ್ಟ್ ರೋಕಾ ಅದೇ ವರ್ಷ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ವರೆಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ಮುಟ್ಟಿರಲಿಲ್ಲ. ಹಿಂದಿನವರು ಬಿಟ್ಟುಹೋದ ತಂಡ ಮುಂದಿನವರ ಕೈಯಲ್ಲಿ ಮೇಲೇರಿದರೆ ಆ ಲೆಕ್ಕದಲ್ಲಿ ಹಿಂದಿನವರಿಗೂ ಪಾಲು ಸಲ್ಲಬೇಕು ಎಂಬುದು ನನ್ನ ವಾದ.

ಊರಿನ ಫುಟ್‌ಬಾಲ್ ತಂಡಕ್ಕೆ ಕೋಚ್ ಹುಡುಕುವವರಲ್ಲಿ ಒಂದು ಕೋರಿಕೆ. ಬಂದವರ ಬಳಿ ಎಷ್ಟು ಟ್ರೋಫಿ ಇದೆಯೆಂದು ಕೇಳಿ, ತಪ್ಪಿಲ್ಲ. ಅವರ ಕೈಯಲ್ಲಿ ಕಲಿತ ಹುಡುಗ ಹುಡುಗಿಯರು ಈಗ ಎಲ್ಲಿ ಆಡುತ್ತಿದ್ದಾರೆ ಎಂಬುದನ್ನೂ ವಿಚಾರಿಸಿ.